ಐದು ಸೆಕೆಂಡಿನ ಅಣ್ಣ

ಇವತ್ತು ಬೆಳಿಗ್ಗೆ ಬೀರುವಿನ ಮೇಲ್ಭಾಗ ಒರೆಸುವಾಗ ಹಳೆಯ ಹೆಡ್‌ಫೋನ್ ಒಂದು ಕೈಗೆ ಸಿಕ್ಕಿತು. ಕಿವಿಗೆ ಒತ್ತುವ ಸ್ಪಂಜನ್ನು ಮುಟ್ಟಿದ್ದೇ ತಡ, ಅದು ಕಪ್ಪು ಹುಡಿಯಾಗಿ ನನ್ನ ಬಿಳಿ ಬನಿಯನ್ನಿನ ಮೇಲೆಲ್ಲ ಉದುರಿತು. ಉದುರಿದ್ದನ್ನು ಕೂಡಲೇ ಗುಡಿಸುವವನು ನಾನು. ಇವತ್ತು ಮಾತ್ರ ಸ್ಟೂಲಿನ ಮೇಲೆ ಹಾಗೇ ನಿಂತುಬಿಟ್ಟೆ. ನನ್ನ ಹೆಂಡತಿ ಕೆಳಗಿನಿಂದ, “ಯಾಕ್ರಿ, ತಲಿ ತಿರಗಾಕತ್ತೈತೇನು?” ಎಂದು ಎರಡು ಸಲ ಕೇಳಿದಳು.

ತಲೆ ತಿರುಗಿರಲಿಲ್ಲ. ಅವ್ವ ನೆನಪಾಗಿದ್ದಳು. ಆ ಹೆಡ್‌ಫೋನಿನ ಒಂದು ಕಿವಿ ನನಗೆ, ಇನ್ನೊಂದು ಅವಳಿಗೆ ಇರುತ್ತಿತ್ತು. ಒಂದೇ ತಲೆಗೆಂದು ಮಾಡಿದ ಸಾಮಾನನ್ನು ಎರಡು ತಲೆಗೆ ಹಂಚಬೇಕಾದರೆ ಕೆನ್ನೆಗೆ ಕೆನ್ನೆ ತಾಗಿಸಿ ಕೂರಬೇಕು. ಐವತ್ತೊಂಬತ್ತು ವರ್ಷದ ಮಗ, ಎಂಬತ್ತು ದಾಟಿದ ತಾಯಿ ಹಾಗೆ ಕುಳಿತು ಲ್ಯಾಪ್‌ಟಾಪಿನ ಕಡೆ ಕೂಗುತ್ತಿದ್ದುದನ್ನು ನೀವು ನೋಡಿದ್ದರೆ ಫೋಟೋ ತೆಗೆಸಲು ಕುಳಿತಿದ್ದಾರೆ ಎಂದುಕೊಳ್ಳುತ್ತಿದ್ದಿರಿ.

ಕೂಗುತ್ತಿದ್ದುದು ಅಣ್ಣನಿಗೆ. ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಬೆಂದವನು ನಿವೃತ್ತಿಯ ನಂತರ ಟಾಂಜಾನಿಯಾದ ಒಂದು ಸಿಮೆಂಟ್ ಕಾರ್ಖಾನೆಗೆ ಹೋಗಿದ್ದ. ನಾನು ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ವೈರ್‌ಲೆಸ್ ಸೆಟ್ಟುಗಳ ತಪಾಸಣೆ ಮಾಡುತ್ತಿದ್ದವನು. ದೋಷವಿರುವ ಒಂದು ಸೆಟ್ಟನ್ನೂ ನನ್ನ ಸಹಿ ಹಾಕಿ ಹೊರಗೆ ಬಿಟ್ಟವನಲ್ಲ. ಇದು ಜಂಬವಲ್ಲ; ಜಂಬವೇ ಇರಬಹುದು.

ಅಣ್ಣನಿಗೂ ನನಗೂ ಮಾತು ನಿಂತು ಆಗ ನಾಲ್ಕು ವರ್ಷವಾಗಿತ್ತು. ಕಾರಣ ಹೇಳಿದರೆ ನಗುತ್ತೀರಿ. ಅಪ್ಪನ ವರ್ಷದ ತಿಥಿಗೆ ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಹನ್ನೊಂದು ಜನ ಸೇರಿದ್ದೆವು. ಬಚ್ಚಲುಮನೆ ಒಂದೇ. ನಾನು ಸ್ನಾನದ ವೇಳಾಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದೆ, ತಲೆಗೆ ಹತ್ತು ನಿಮಿಷ. ಅಣ್ಣನದು ಆರೂ ನಲವತ್ತಕ್ಕೆ. ಅವನು ಒಳಗೆ ಹೋದದ್ದು ಏಳೂ ಇಪ್ಪತ್ತಕ್ಕೆ, ಅಂದರೆ ಪುರೋಹಿತರ ವೇಳೆಯಲ್ಲಿ. ನಾನು ಬಾಗಿಲು ತಟ್ಟಿದೆ.

“ಅಣ್ಣಾ, ನಿನ್ನ ವ್ಯಾಳ್ಯಾ ಮುಗದು ಅರ್ಧ ತಾಸಾತು.”

“ಮೈಗೆಲ್ಲಾ ಸಾಬಣ ಹಚ್ಚಿಕೊಂಡೀನಲೇ. ತೊಳಕೊಂಡು ಬರಲ್ಯೋ, ಹಂಗ ಬರಲ್ಯೋ?”

ನಾನು ಹಾಗೇ ಬಾ ಎಂದೆ. ಅಪ್ಪನ ತಿಥಿಯ ದಿನ ಅಣ್ಣನಿಗೆ ಆಡುವ ಮಾತಲ್ಲ. ತಿಥಿ ಮುಗಿಸಿ, ಊಟಕ್ಕೆ ಕೂರದೆ, ಅವನು ಆಟೋ ಹಿಡಿದು ನಾಂಪಲ್ಲಿ ಸ್ಟೇಷನ್ನಿಗೆ ಹೋದ. ಆಮೇಲೆ ಹೈದರಾಬಾದಿಗೆ ಬಂದರೂ ನಮ್ಮ ಮನೆಗೆ ಬರಲಿಲ್ಲ.

ಅವ್ವ ನಮ್ಮಲ್ಲೇ ಇದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ: ದೊಡ್ಡ ಮಗ ಒಮ್ಮೆ ಈ ಮನೆಗೆ ಬಂದು ಅವಳ ಎದುರಿಗೆ ಉಣ್ಣಬೇಕು. ಫೋನಿನಲ್ಲಿ ಮೂರು ಸಲ ಪ್ರಯತ್ನಿಸಿದೆವು. ಒಂದು ಸಲವೂ ‘ಮನೆಗೆ ಬಾ’ ಎನ್ನುವವರೆಗೆ ಮಾತು ಮುಟ್ಟಲಿಲ್ಲ. ಅವನು ಬಾಯಿ ತೆರೆದರೆ ನಾನು ತಡೆಯುತ್ತಿದ್ದೆ, ನಾನು ತೆರೆದರೆ ಅವನು. ಎರಡನೆಯ ನಿಮಿಷಕ್ಕೆ ಯಾರಾದರೊಬ್ಬರು ಫೋನ್ ಇಡುತ್ತಿದ್ದೆವು.

ಆಗ ನಮ್ಮ ಮಗಳು ಸುಧಾ ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿದ್ದಳು. ಆ ಕಾಲದಲ್ಲಿ ಕೂಕಟ್‌ಪಲ್ಲಿಯ ಮನೆಮನೆಯಲ್ಲೂ ಒಬ್ಬರು ಕಂಪ್ಯೂಟರಿನವರು ಇದ್ದರು. ಅವಳು ತನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ನನಗೆ ಕೊಟ್ಟಳು. ಲಿನಕ್ಸ್‌ನಲ್ಲಿ ಒಂದು ಸೌಲಭ್ಯವಿದೆ: ಯಾವ ವಾರ, ಎಷ್ಟು ಗಂಟೆಗೆ, ಏನು ಕೆಲಸ ಎಂದು ಒಂದು ಪಟ್ಟಿ ಬರೆದಿಟ್ಟರೆ ಯಂತ್ರ ತಾನಾಗಿಯೇ ಮಾಡುತ್ತದೆ. ಜಗತ್ತಿನಲ್ಲಿ ನನ್ನ ಸ್ವಭಾವದವರು ಇನ್ನೂ ಇದ್ದಾರೆ ಎಂದು ನನಗೆ ಗೊತ್ತಾದದ್ದು ಅವತ್ತು. ಕೂತು ಪಟ್ಟಿ ತುಂಬಿಸಿದೆ.

ಭಾನುವಾರ ಹನ್ನೊಂದಕ್ಕೆ ಅಣ್ಣನಿಗೆ ಅಂತರ್ಜಾಲದ ಮೂಲಕ ಮೊದಲ ಕರೆ ಮಾಡಿದೆವು. ಅವನ ದನಿ ಹೂಳು ತುಂಬಿದ ಬಾವಿಯಿಂದ ಬಂದಂತಿತ್ತು. ನಾನು ಕೇಳಿದ್ದಕ್ಕೆ ಉತ್ತರ ಐದು ಸೆಕೆಂಡು ತಡವಾಗಿ ಬರುತ್ತಿತ್ತು. ಅಷ್ಟರಲ್ಲಿ ನಾನು ಇನ್ನೊಂದು ಕೇಳಿರುತ್ತಿದ್ದೆ. “ಊಟ ಆತೇನು?” ಎಂದರೆ “ಮಂಡಿ ನೋವು” ಎಂಬ ಉತ್ತರ. ಕೊನೆಗೆ ಕಾರ್ಖಾನೆಯ ಪದ್ಧತಿಯನ್ನೇ ತಂದೆ: ಒಬ್ಬರು ಮಾತು ಮುಗಿಸಿ ‘ಓವರ್’ ಅನ್ನಬೇಕು, ಅಲ್ಲಿಯವರೆಗೆ ಇನ್ನೊಬ್ಬರು ಉಸಿರೆತ್ತಬಾರದು. ಅಣ್ಣನೂ ಕೆಲಸದಲ್ಲಿ ವಾಕಿಟಾಕಿ ಹಿಡಿದವನೇ. ಒಪ್ಪಿದ.

ಆಗ ನಡೆದದ್ದನ್ನು ಹೇಗೆ ಹೇಳಲಿ? ಅಣ್ಣನ ಮಾತಿಗೆ ಒಂದು ಕೊನೆಯೂ ಇರುತ್ತದೆ ಎಂದು ನನಗೆ ಹುಟ್ಟಿದಾಗಿನಿಂದ ಗೊತ್ತಿರಲಿಲ್ಲ. ಆ ಕೊನೆ ಬಹಳ ಸಲ ಮೆತ್ತಗಿರುತ್ತಿತ್ತು. ಬೈಗುಳದಂತೆ ಹೊರಟದ್ದು “ನಿನಗ ಬಿ.ಪಿ. ಐತಿ, ಉಪ್ಪು ಕಡಿಮಿ ತಿನ್ನು, ಓವರ್” ಎಂದು ಮುಗಿಯುತ್ತಿತ್ತು. ಅವ್ವನಿಗೆ ತಾಂತ್ರಿಕ ಕಾರಣ ಬೇಕಿರಲಿಲ್ಲ. “ಆ ದೇಶದ ನೀರು ಭಾಳ ಚಲೋ ಐತಿ ನೋಡು. ಮೊದಲ ವಿಚಾರ ಮಾಡ್ತಾನ, ಆಮ್ಯಾಲೆ ಮಾತಾಡ್ತಾನ” ಎಂದಳು. ಆರನೆಯ ಭಾನುವಾರ ಅಣ್ಣ, “ಜನವರಿಗೆ ರಜಾ ಸಿಕ್ಕರ ನೋಡ್ತೀನಿ. ಮುಂದಿನ ವಾರ ಹೇಳ್ತೀನಿ” ಎಂದ.

ಅಲ್ಲಿಗೆ ಸುಮ್ಮನಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ದೋಷವಿರುವ ಉಪಕರಣ ಮನೆಯಲ್ಲಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಮೊದಲ ಭಾನುವಾರದಿಂದಲೇ ಒಂದು ರಿಜಿಸ್ಟರಿನಲ್ಲಿ ಗೆರೆ ಹೊಡೆದು ತಾರೀಖು, ಲಕ್ಷಣ, ಕ್ರಮ, ಫಲಿತಾಂಶ ಬರೆಯತೊಡಗಿದ್ದೆ. ಮೈಕ್ ಬದಲಿಸಿದೆ. ತಂತಿ ಬದಲಿಸಿದೆ. ಫ್ರಿಜ್ ಆರಿಸಿದೆ, ಹಾಲು ಒಡೆಯಿತು. ಮೇಜನ್ನು ಮನೆಯ ನಾಲ್ಕು ಮೂಲೆಗೂ ಎಳೆದೆ. ಕೆಳಗಿನ ಮನೆಯ ರೆಡ್ಡಿಯವರು ಬಂದು, “ಏಮಂಡಿ, ಮನೆ ಖಾಲಿ ಮಾಡ್ತಿದ್ದೀರಾ?” ಎಂದು ಕೇಳಿದರು. ಕೊನೆಗೆ, ಆರನೆಯ ಭಾನುವಾರ ಕಳೆದ ಬುಧವಾರ, ಸುಧಾಳ ಆಫೀಸಿಗೆ ಕರೆ ಮಾಡಿ ಪರೀಕ್ಷಿಸಿದೆ. ದನಿ ಗಾಜಿನಂತೆ ಸ್ವಚ್ಛವಾಗಿತ್ತು. ಹಾಗಾದರೆ ದೋಷ ಉಪಕರಣದ್ದಲ್ಲ, ಭಾನುವಾರದ್ದು. ಸಂಜೆ ಸುಧಾ ಬಂದು ಯಂತ್ರದೊಳಗಿನ ಪಟ್ಟಿಯನ್ನು ತೆರೆದು ನೋಡಿದಳು.

“ಅಪ್ಪಾ, ಭಾನುವಾರ ಹನ್ನೊಂದಕ್ಕ ಸರಿಯಾಗಿ ಇದಕ್ಕ ಇಷ್ಟು ಕೆಲಸ ಹಚ್ಚಿದವರು ಯಾರು?”

ನಾನೇ. ಯಂತ್ರ ಕೆಲಸ ಮಾಡುವಾಗ ಎದುರಿಗೆ ಮೇಲ್ವಿಚಾರಕ ಇರಬೇಕೆಂದು, ನಾನು ಖಂಡಿತ ಅದರ ಮುಂದಿರುವ ಹೊತ್ತಿಗೇ ವಾರದ ಕೆಲಸವನ್ನೆಲ್ಲ ಇಟ್ಟಿದ್ದೆ. ಅಣ್ಣ ಮಾತಾಡುತ್ತಿದ್ದಾಗ ಆ ಮುದಿ ಯಂತ್ರ ಹೊಸ ಕಡತಗಳನ್ನು ಅಂತರ್ಜಾಲದಿಂದ ಇಳಿಸಿಕೊಳ್ಳುತ್ತ, ಹಳೆಯದನ್ನೆಲ್ಲ ಬೇರೆಡೆ ನಕಲು ಮಾಡುತ್ತ ಏದುಸಿರು ಬಿಡುತ್ತಿತ್ತು. ಎಲ್ಲವನ್ನೂ ಮಂಗಳವಾರಕ್ಕೆ ದೂಡಿದೆ. ‘ದೋಷ ನಿವಾರಿಸಲಾಗಿದೆ’ ಎಂದು ಬರೆದು ಸಹಿ ಹಾಕಿದೆ.

ಏಳನೆಯ ಭಾನುವಾರ ಅಣ್ಣ ಪಕ್ಕದ ಕೋಣೆಯಲ್ಲಿ ಕುಳಿತಂತೆ ಕೇಳಿಸಿದ. ಇನ್ನು ‘ಓವರ್’ ಏಕೆ? ಮೂರನೆಯ ನಿಮಿಷಕ್ಕೆ ಅವನ ಮಾತನ್ನು ನಾನು ತಡೆದೆ. ನಾಲ್ಕನೆಯ ನಿಮಿಷಕ್ಕೆ ಸಾಬೂನು ಬಂತು. ಐದನೆಯ ನಿಮಿಷಕ್ಕೆ, “ಬರೋದಿಲ್ಲಲೇ ನಿನ್ನ ಮನಿಗೆ!” ಎಂಬುದು ಒಂದಕ್ಷರವೂ ಅಳಿಸದೆ ಕೇಳಿ, ಕರೆ ಕಡಿದುಹೋಯಿತು.

ಅವ್ವ ತನ್ನ ಪಾಲಿನ ಕಿವಿಯನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಮಧ್ಯಾಹ್ನ ಉಣ್ಣಲಿಲ್ಲ. ಸಂಜೆ ಹೋಗಿ ಪಕ್ಕದಲ್ಲಿ ಕುಳಿತಾಗ ಹೇಳಿದಳು: “ತಮ್ಮಾ, ಅದನ್ನ ಮೊದಲಿನಂಗ ಕೆಡಸು.”

“ರಿಪೇರಿ ಮಾಡೀನವ್ವಾ.”

“ಅದಕ್ಕ ಹೇಳಾಕತ್ತೀನಿ.”

ಇಡೀ ನೌಕರಿಯಲ್ಲಿ ಮಾಡದ್ದನ್ನು ಅವತ್ತು ಮಾಡಿದೆ. ಎಲ್ಲ ಕೆಲಸಗಳನ್ನೂ ಭಾನುವಾರ ಹನ್ನೊಂದಕ್ಕೆ ಮರಳಿಸಿ, ಸಾಲದೇನೋ ಎಂದು ಇನ್ನೆರಡು ಸೇರಿಸಿದೆ. ರಿಜಿಸ್ಟರಿನಲ್ಲಿ ‘ದೋಷವನ್ನು ಪುನಃ ಸ್ಥಾಪಿಸಲಾಗಿದೆ’ ಎಂದು ಬರೆದೆ. ಕೆಳಗೆ ಸಹಿಯನ್ನೂ ಹಾಕಿದೆ.

ಎಂಟನೆಯ ಭಾನುವಾರ ಅಣ್ಣ ಕರೆ ತೆಗೆದುಕೊಳ್ಳುತ್ತಾನೆಂಬ ನಂಬಿಕೆ ಇರಲಿಲ್ಲ. ತೆಗೆದುಕೊಂಡ. ಬಾವಿಯೊಳಗಿನ ದನಿ ಕೇಳಿದೊಡನೆ ನಾನು ಹೇಳಿದೆ: “ಅಣ್ಣಾ, ಅವತ್ತು ನಾ ಬಾಗಿಲಾ ಬಡೀಬಾರದಿತ್ತು. ತಪ್ಪಾತು. ಓವರ್.”

ಐದು ಸೆಕೆಂಡು ಕಳೆಯಿತು. ಹತ್ತೂ ಆಯಿತು.

“ನಾನೂ ಆರೂವರಿಗೇ ಎದ್ದಿದ್ದೆ ಬಿಡು. ಆ ಚೀಟಿ ನೋಡಿ ಬೇಕಂತನ ಮಲಗಿದೆ. ಓವರ್.”

ಅವ್ವ ಮೈಕನ್ನು ತನ್ನ ಬಾಯಿಗೆ ಎಳೆದುಕೊಂಡಳು. “ಜನವರಿಗೆ ಬಾ. ಉಣ್ಣಾಕ ಬಾ. ಓವರ್.”

“ಬರ್ತೀನವ್ವಾ” ಎಂದ. ‘ಓವರ್’ ಅನ್ನಲಿಲ್ಲ. ಹಾಗಾಗಿ ಮಾತು ಇನ್ನೂ ಇದೆ ಎಂದು ನಾವು ಕಾದೆವು. ಇವರೇಕೆ ಸುಮ್ಮನಾದರೆಂದು ಅವನು ಅಲ್ಲಿ ಕಾದ. ಹೀಗೆ ಮೂವರೂ ಎರಡು ನಿಮಿಷ, ಎರಡು ಖಂಡಗಳಲ್ಲಿ, ಶಿಸ್ತಿನಿಂದ ಕುಳಿತಿದ್ದೆವು.

ಜನವರಿಯಲ್ಲಿ ಬಂದ. ಉಂಡ. ಎರಡನೆಯ ದಿನ ಅವ್ವನನ್ನು ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಕರೆದುಕೊಂಡು ಹೋಗುವಾಗ, ಯಾವ ರಸ್ತೆ ಹತ್ತಿರ ಎಂದು ಆಟೋದಲ್ಲೇ ನಮ್ಮಿಬ್ಬರಿಗೆ ಜಗಳ ಹತ್ತಿತು. ಆಟೋದವನು, “ಚಾಚಾ, ಪೆಹಲೆ ಫೈಸಲಾ ಕರೋ” ಎಂದು, ಮೊದಲು ನೀವೇ ತೀರ್ಮಾನಿಸಿಕೊಳ್ಳಿ ಎಂಬಂತೆ, ಗಾಡಿ ನಿಲ್ಲಿಸಿಬಿಟ್ಟ. ನಡುವೆ ಕುಳಿತ ಅವ್ವ ನಮ್ಮಿಬ್ಬರ ಮಂಡಿಯ ಮೇಲೂ ಒಂದೊಂದು ಕೈ ಇಟ್ಟುಕೊಂಡು, “ಆಡ್ರಿ, ಆಡ್ರಿ. ಇಲ್ಲಿ ಕಟ್ ಮಾಡಾಕ ಬಟನ್ ಇಲ್ಲ” ಎಂದಳು.

ಅವ್ವ ಹೋಗಿ ಬಹಳ ವರ್ಷವಾಯಿತು. ಅಣ್ಣ ಈಗ ಕಲಬುರಗಿಯಲ್ಲಿದ್ದಾನೆ. ಈಗಿನ ಫೋನುಗಳಲ್ಲಿ ಅವನು ಚಹಾ ಗುಟುಕರಿಸುವುದೂ ಕೇಳುತ್ತದೆ. ವಾರಕ್ಕೊಮ್ಮೆಯಾದರೂ ಜಗಳವಾಡುತ್ತೇವೆ, ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುತ್ತೇವೆ, ಆದರೆ ಕಡಿಯುವುದಿಲ್ಲ. ದಣಿವಾದಾಗ ಇಬ್ಬರೂ ಸುಮ್ಮನಾಗುತ್ತೇವೆ. ಆಗ ಅವನ ಕೋಣೆಯ ಫ್ಯಾನಿನ ಸದ್ದು ಕೇಳುತ್ತದೆ, ಟಕ್, ಟಕ್ ಎಂದು. ಬೇರಿಂಗ್ ಹೋಗಿದೆ ಎಂದು ನನಗೆ ಮೊದಲ ದಿನವೇ ಗೊತ್ತಾಗಿದೆ. ಹೇಳಿಲ್ಲ.