ಕಾಲು ತೆಗೆಯಬೇಡ ಎಂದ ಮಾನಪ್ಪ

ಬಸ್ಸು ಕಾಲುವೆಯ ಸೇತುವೆ ಹತ್ತಿತೆಂದರೆ ಸಾಕು, ನನ್ನ ತಮ್ಮ ಮಾನಪ್ಪ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಳ್ಳುತ್ತಿದ್ದ. ಪಕ್ಕದಲ್ಲಿ ಯಾರು ಕೂತಿದ್ದರೂ ಅವರ ತೋಳನ್ನೋ ಸೆರಗನ್ನೋ ಹಿಡಿಯುತ್ತಿದ್ದ. ಗುರುತಿಲ್ಲದ ಹೆಂಗಸಿನ ಸೆರಗು ಹಿಡಿದು ಬೈಸಿಕೊಂಡದ್ದೂ ಉಂಟು. ಸೇತುವೆ ದಾಟಿದ ಮೇಲೆ ಕಾಲು ಇಳಿಸಿ, ಏನೂ ಆಗದವನ ಹಾಗೆ ಮೀಸೆ ಒರೆಸಿಕೊಂಡು, "ಈ ಸಲ ನೀರು ಬಾಳ ಬಿಟ್ಟಾರ" ಎನ್ನುತ್ತಿದ್ದ. ಕಂಡಕ್ಟರ್ ಕೂಡ ಸೇತುವೆ ಹತ್ತಿರ ಬಂದಾಗ, "ಮಾನಪ್ಪಣ್ಣಾ, ಕಾಲು ಎತ್ತಪಾ, ಬಂತು" ಎಂದು ಕೂಗಿ ಬಸ್ಸನ್ನೆಲ್ಲ ನಗಿಸುತ್ತಿದ್ದ.

ಈಗ ನನ್ನ ಮೊಮ್ಮಗಳು ಸುನಂದಾಳಿಗೆ ಹೆಣ್ಣುಮಗು ಹುಟ್ಟಿದೆ. ಖುಷಿಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬಾಗಿಲಿಗೆ ಬಂದವರ ಬಾಯಿಗೆಲ್ಲ ಸಕ್ಕರೆ ಹಾಕುತ್ತಿದ್ದೇನೆ, ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಟ್ಟಿಲ್ಲ. ಇಷ್ಟು ಖುಷಿಯಲ್ಲಿ ಯಾರು ನೆನಪಾಗಬೇಕು ಹೇಳಿ, ಆ ಅಂಜುಬುರುಕನೇ ನೆನಪಾಗುತ್ತಾನೆ. ನಾನು ಸಾಲಿ ಕಲಿತದ್ದು ಕಡಿಮೆ. ಆದರೂ ಅವನ ಬಗ್ಗೆ ನಾನು ಬರೆಯದಿದ್ದರೆ ಇನ್ನು ಯಾರು ಬರೆದಾರು.

ಅವನು ಹುಟ್ಟಾ ಅಂಜುಬುರುಕನಲ್ಲ. ಹುಡುಗನಿದ್ದಾಗ ಬಂಡಿ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರು ದೋರನಹಳ್ಳಿಯಲ್ಲಿ ಇರಲಿಲ್ಲ. ಬಂಡಿ ಹೇರುವಾಗ ಅವನದೊಂದೇ ಮಾತು: "ಹಿಂಭಾರ ಆಗಬಾರದು ಅಕ್ಕಾ." ಭಾರ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲಕ್ಕೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ, ಇಳಿಜಾರಿನಲ್ಲಿ ಬಂಡಿ ಹೇಳಿದ ಮಾತು ಕೇಳುವುದಿಲ್ಲ. ಜೋಳದ ಚೀಲಗಳನ್ನು ಮುಂದೆ ಹಿಂದೆ ಸರಿಸಿ, ನೊಗವನ್ನು ಒಂದು ಬೆರಳಿನಿಂದ ಎತ್ತಿ ನೋಡಿ, ತಲೆಯಾಡಿಸಿದ ಮೇಲೆಯೇ ಎತ್ತು ಹೂಡುತ್ತಿದ್ದ.

ಕಾಲುವೆ ಬಂತು. ಜೋಳ, ತೊಗರಿ ಬೆಳೆಯುತ್ತಿದ್ದ ನೆಲದಲ್ಲಿ ನೆಲ್ಲು ಬಂತು. ಮಾನಪ್ಪ ಎತ್ತು ಮಾರಿ ಆಟೋ ಕೊಂಡ. ಸಸಿ ನಾಟಿ ಮಾಡಲು ಹೋಗುವ ಹೆಂಗಸರನ್ನು ಕಾಲುವೆಯ ದಂಡೆಯ ಮೇಲಿಂದ ಗದ್ದೆಗೆ ಬಿಡುವುದು ಅವನ ಕೆಲಸ. ಆಟೋದ ಎಂಜಿನ್ ಹಿಂದೆ ಇರುತ್ತದಲ್ಲ, ಅದು ಅವನಿಗೆ ಮೊದಲ ದಿನದಿಂದಲೂ ಸರಿಬರಲಿಲ್ಲ. "ಇದನ್ನ ಮಾಡಿದಾಂವ ಬಂಡಿ ಹೇರಿದಾಂವ ಅಲ್ಲ ಬಿಡು" ಎನ್ನುತ್ತಿದ್ದ. ತನ್ನ ಕಾಲ ಬುಡದಲ್ಲಿ ಒಂದು ಚೀಲ ಜೋಳ ಇಟ್ಟುಕೊಂಡೇ ಓಡಿಸುತ್ತಿದ್ದ, ಮುಂದೆ ಭಾರ ಇರಲಿ ಎಂದು.

ಅಷ್ಟು ಲೆಕ್ಕ ಇದ್ದವನು ಒಂದು ದಿನ ತಪ್ಪಿದ. ಒಣ ಬೇಸಾಯದ ಮನುಷ್ಯ ಅವನು, ಜೋಳದ ತೂಕ ಕಣ್ಣಿನಲ್ಲೇ ಹೇಳುತ್ತಿದ್ದ. ಆದರೆ ನೀರಿನಿಂದ ಆಗಷ್ಟೇ ಕಿತ್ತ ನೆಲ್ಲಿನ ಸಸಿಯ ಕಟ್ಟು ಎಷ್ಟು ತೂಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಹುಲ್ಲಿನಂತೆ ಕಾಣುತ್ತಿದ್ದವಲ್ಲ ಎಂದು ಎಲ್ಲ ಕಟ್ಟುಗಳನ್ನೂ ಹಿಂದೆ ಒಟ್ಟಿದೆವು. ಒಳಗೆ ಹೆಂಗಸರು ಕೂತರು. ಜಾಗವಿಲ್ಲದೆ ಜೋಳದ ಚೀಲ ಇಳಿಸಿ ನನ್ನನ್ನು ಅವನ ಪಕ್ಕ ಕೂರಿಸಿದರು.

ದಂಡೆ ತಿರುಗುವಲ್ಲಿ ಎದುರಿಗೆ ಕುರಿ ಹಿಂಡು ಬಂತು. ಮಾನಪ್ಪ ಗಾಬರಿಯಾಗಿ ರೇಸ್ ಬಿಟ್ಟು ಬ್ರೇಕ್ ತುಳಿದ. ಆಟೋದ ಮೂತಿ ರಸ್ತೆಯಲ್ಲೇ ಇತ್ತು, ಆದರೆ ಹಿಂಭಾಗ ಒದೆಯುವ ಎಮ್ಮೆಯ ಹಾಗೆ ಸುತ್ತಿ ಬಂತು. ಕಣ್ಣು ಬಿಟ್ಟು ನೋಡಿದರೆ ಹಿಂದಿನ ಒಂದು ಗಾಲಿ ನೀರಿನ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ನಾನು ಇಳಿಯಲು ಕಾಲು ಚಾಚಿದೆ.

"ಅಕ್ಕಾ, ಅಲಗಾಡಬ್ಯಾಡ" ಎಂದ. ಆ ದನಿಯನ್ನು ಅವನ ಬಾಯಿಂದ ಅದಕ್ಕೂ ಮೊದಲು ನಾನು ಕೇಳಿರಲಿಲ್ಲ. "ನೀ ಇಳದ್ರ ಮುಂದ ಹಗರ ಆಗ್ತದ. ಹಿಂದಿನವ್ರು ಮೊದಲ ಇಳೀರಿ. ಒಬ್ಬೊಬ್ರೇ, ದಂಡಿ ಕಡಿಂದ. ನಿಮ್ಮ ಮಕ್ಕಳ ಆಣಿ, ಜಿಗೀಬ್ಯಾಡ್ರಿ."

ಅವನು ಹ್ಯಾಂಡಲ್ಲಿನ ಮೇಲೆ ಎದೆ ಹಾಕಿ ಮಲಗಿದ. ನಾನು ಮುಂದಿನ ಗಾಜಿಗೆ ಹಣೆ ಒತ್ತಿ ಕೂತೆ. ಒಬ್ಬೊಬ್ಬರು ಇಳಿದಾಗಲೂ ಆಟೋ ಒಮ್ಮೆ ತೂಗಿ ನಿಲ್ಲುತ್ತಿತ್ತು. ನನ್ನ ಕಿವಿಯಲ್ಲಿ ನೀರಿನ ಸಪ್ಪಳ ಬಿಟ್ಟರೆ ಬೇರೇನೂ ಇರಲಿಲ್ಲ. ಕೊನೆಗೆ ಕುರಿ ಕಾಯುವವರು ಬಂದು ಮುಂದಿನ ಗಾಲಿಗೆ ಜೋತುಬಿದ್ದ ಮೇಲೆ ನಮ್ಮಿಬ್ಬರನ್ನೂ ಎಳೆದುಕೊಂಡರು. ಎಲ್ಲರೂ ಬದುಕಿದೆವು. ಆಟೋ ಮಾತ್ರ ನೀರಿಗೆ ಹೋಯಿತು. ಮಾನಪ್ಪ ದಂಡೆಯ ಮೇಲೆ ಕೂತು ಅದು ಮುಳುಗುವುದನ್ನೇ ನೋಡಿದ. ಆಮೇಲೆ ಅವನು ಯಾವ ಗಾಡಿಯನ್ನೂ ಓಡಿಸಲಿಲ್ಲ. ಬಸ್ಸಿನಲ್ಲಿ ಕಾಲು ಎತ್ತುವುದು ಶುರುವಾದದ್ದು ಅಂದಿನಿಂದ.

ವರ್ಷಗಳು ಕಳೆದವು. ಸುನಂದಾ ಶಹಾಪುರದ ಕಾಲೇಜಿಗೆ ಸೇರಿದಳು. ಅಲ್ಲಿ ವಿಡಿಯೊ ಗೇಮಿನ ಅಂಗಡಿಯೊಂದು ಮುಚ್ಚುವಾಗ, ಅಲ್ಲಿದ್ದ ಸ್ಟೀರಿಂಗು, ಪೆಡಲ್ಲು, ಗೇಮಿನ ಡಬ್ಬಿ ಎಲ್ಲವನ್ನೂ ಅಗ್ಗಕ್ಕೆ ಕೊಂಡು ಮನೆಗೆ ತಂದಳು. ಟಿವಿಗೆ ಜೋಡಿಸಿದಳು. ಪೆಡಲ್ಲು ಜಾರುತ್ತದೆ ಎಂದು ಅದರ ಹಿಂದೆ ಜೋಳದ ಚೀಲ ಇಟ್ಟಳು. ಆಟದಲ್ಲಿ ಅವಳಿಗೆ ಬೇಕಾದದ್ದು ಒಂದೇ ಕಾರು, ಅರಿಶಿಣ ಬಣ್ಣದ್ದು, ಕಪ್ಪೆಯ ಹಾಗೆ ಕೂತಿರುವಂಥದ್ದು, ಎಂಜಿನ್ ಹಿಂದಿನ ಗಾಲಿಗಿಂತಲೂ ಹಿಂದೆ. ಗುಡ್ಡದ ರಸ್ತೆ, ಒಂದು ಕಡೆ ಸಮುದ್ರ. ಪ್ರತಿ ತಿರುವಿನಲ್ಲೂ ಆ ಕಾರು ಗಿರಕಿ ಹೊಡೆದು ಸಮುದ್ರಕ್ಕೆ ಬೀಳುತ್ತಿತ್ತು.

ಮಾನಪ್ಪ ಕಂಬದ ಹಿಂದೆ ನಿಂತು, ಬಾಯಿಗೆ ಟವೆಲ್ ಒತ್ತಿಕೊಂಡು ನೋಡುತ್ತಿದ್ದ. ಕಾರು ಬಿದ್ದಾಗಲೆಲ್ಲ "ಯಪ್ಪಾ" ಎಂದು ಕೂತುಬಿಡುತ್ತಿದ್ದ. ಒಂದು ದಿನ ತಡೆಯಲಾಗಲಿಲ್ಲ.

"ಯವ್ವಾ, ತಿರುವಿನ್ಯಾಗ ರೇಸಿನ ಮ್ಯಾಲಿಂದ ಕಾಲು ಯಾಕ ತಗೀತಿ?"

"ಜೋರಾತು ಅನ್ನಿಸ್ತದ ಮುತ್ಯಾ, ಅದಕ್ಕ."

"ಜೋರು ಅನ್ನಾದು ತಿರುವಿನ ಮದ್ಲೇ ನೋಡ್ಕೋಬೇಕು. ರಸ್ತಾ ನೆಟ್ಟಗ ಇದ್ದಾಗೇ ಬ್ರೇಕ್ ಹಾಕು. ಅವಾಗ ಮೂತಿಗಿ ಭಾರ ಬರ್ತದ, ಹೇಳಿದ ಕಡೆ ತಿರಗತದ. ಒಳಗ ಹೋದ ಮ್ಯಾಲ ಕಾಲು ತಗೀಬ್ಯಾಡ. ತಗದಿ ಅಂದ್ರ ಹಿಂದಿನ ಭಾರ ನಿನ್ನ ಮುಂದ ಬಂದು ನಿಲ್ತದ."

"ತುಳದ್ರ?"

"ದಬಾಯಿಸಿ ತುಳೀಬ್ಯಾಡ, ಮೂತಿ ಹಗರ ಆಗಿ ನೆಟ್ಟಗ ಹೋಗ್ತದ. ಒಂದೇ ಸಮ ಹಿಡಿ. ರಸ್ತಾ ಕಂಡ ಮ್ಯಾಲ ತುಳಿ, ಅವಾಗ ಅದೇ ಭಾರ ನಿನ್ನ ದೂಡತದ. ಹಿಂಭಾರದ ಗಾಡಿ ವೈರಿ ಅಲ್ಲವಾ, ಅಂಜಿಸಬಾರದು ಅಷ್ಟ."

ಅವಳು ಹಾಗೆಯೇ ಮಾಡಿದಳು. ಅರಿಶಿಣದ ಕಾರು ಸಮುದ್ರದ ಅಂಚು ಸವರಿಕೊಂಡು ತಿರುವು ದಾಟಿತು. ಸುನಂದಾ ಎದ್ದು ಅವನ ಗಲ್ಲ ಹಿಂಡಿದಳು. ಅವನು ಇನ್ನೂ ಕಂಬ ಬಿಟ್ಟಿರಲಿಲ್ಲ. ನಾನು ಅವನಿಗೆ ನೀರು ಕೊಟ್ಟೆ.

ಅಂದಿನಿಂದ ದಿನಾ ಸಂಜೆ ಇಬ್ಬರದೂ ಅದೇ. ಒಮ್ಮೊಮ್ಮೆ ತಾನೂ ಕೂತು ಓಡಿಸುತ್ತಿದ್ದ. ಬೆವರಿ ಅಂಗಿ ತೊಯ್ಯುತ್ತಿತ್ತು. ಹಿಂಭಾಗ ಸ್ವಲ್ಪ ಜಾರಿದರೆ ತಟಕ್ಕನೆ ಆ ಕಡೆಗೇ ಸ್ಟೀರಿಂಗ್ ತಿರುಗಿಸಿ, ಅಷ್ಟೇ ಬೇಗ ನೆಟ್ಟಗೆ ಮಾಡುತ್ತಿದ್ದ. ತಡ ಮಾಡಿದರೆ ಇನ್ನೊಂದು ಕಡೆಗೆ ಎಸೆಯುತ್ತದೆ ಎನ್ನುತ್ತಿದ್ದ. ಅವನದೊಂದು ದೂರಿತ್ತು: "ಖರೆ ಗಾಡ್ಯಾಗ ಜಾರೋದು ಕುಂಡಿಗಿ ಗೊತ್ತಾಗ್ತದ. ಇಲ್ಲಿ ಕುಂಡಿ ಜೋಳದ ಚೀಲದ ಪಕ್ಕ ಸುಮ್ನ ಕುಂತದ. ಕಿವಿಲೆ ನಡಸಬೇಕು." ಕಿವಿಯಿಂದಲೇ ನಡೆಸುತ್ತಿದ್ದ. ಗಾಲಿ ಕಿರುಗುಟ್ಟುವ ಮೊದಲೇ ಅವನ ಕೈ ತಿರುಗಿರುತ್ತಿತ್ತು. ಸಪ್ಪಳ ಮೊದಲು ಇಳಿಯಬೇಕು, ಆಮೇಲೆ ಒಂದೇ ಸಮ ಇರಬೇಕು, ಆಮೇಲೆ ಏರಬೇಕು. ನಡುವೆ ನಿಂತಿತೋ, ಕಾರು ನೀರಿಗೆ.

ಅವನು ಯಾಕೆ ಕಿವಿಯನ್ನೇ ನಂಬಿದ್ದ ಎಂಬುದು ನಮಗೆ ತಡವಾಗಿ ತಿಳಿಯಿತು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಯಾದಗಿರಿಯ ದವಾಖಾನೆಯಲ್ಲಿ ಆಪರೇಷನ್ ಮಾಡುತ್ತಾರೆ, ಇನ್ನು ತಡ ಮಾಡಿದರೆ ಪೂರ್ತಿ ಹೋಗುತ್ತದೆ ಎಂದು ಊರಿಗೆ ಬಂದ ಡಾಕ್ಟರು ಹೇಳಿದರು. ಅವನು ಹೋಗಲು ಒಪ್ಪಲಿಲ್ಲ. ಕಣ್ಣು ಮಂಜಾದ ಮೇಲೆ ಬಸ್ಸು ಹತ್ತುವುದನ್ನೂ ಬಿಟ್ಟಿದ್ದ. ಹೊಲದಲ್ಲಿರುವ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಹೋಗಲು ಗಾಡಿಗೆ ಇರುವುದು ಒಂದೇ ದಾರಿ, ಅದೇ ದಂಡೆ, ಅದೇ ತಿರುವು.

"ಕಾಣಲಾರದ ಮನಶ್ಯಾನ್ನ ಆ ದಂಡಿ ಮ್ಯಾಲ ಕರಕೊಂಡು ಹೋಗಬ್ಯಾಡ್ರಿ" ಎಂದು ನನ್ನ ಕೈ ಹಿಡಿದ. "ಕುರುಡಾಗೇ ಇರ್ತೀನಿ ಅಕ್ಕಾ. ಮನ್ಯಾಗ ತಡವರಿಸಿಕೋತ ಇರ್ತೀನಿ."

ಅದೇ ವರ್ಷ ನನ್ನ ಮಗ ಹಳೆಯದೊಂದು ಪುಟ್ಟ ಕಾರು ತಂದಿದ್ದ. ಸುನಂದಾ ಓಡಿಸಲು ಕಲಿತು ಲೈಸೆನ್ಸ್ ಮಾಡಿಸಿದ್ದಳು. ಆ ಕಾರಿನ ಎಂಜಿನ್ ಕೂಡ ಹಿಂದಿನ ಸೀಟಿನ ಬುಡದಲ್ಲಿತ್ತು. ಅದು ಚಾಲೂ ಆದ ಸಪ್ಪಳ ಕೇಳಿಯೇ ಮಾನಪ್ಪ, "ಇದೂ ಹಿಂಭಾರದ್ದೇ ಏನು, ಸತ್ಯಾನಾಶ" ಎಂದಿದ್ದ.

ಸುನಂದಾ ಅವನ ಮುಂದೆ ಕೂತಳು. "ಮುತ್ಯಾ, ಗೇಮಿನ್ಯಾಗ ಗುಡ್ಡದ ರಸ್ತಾ ಪೂರಾ ಓಡಸ್ತೀನಿ. ಒಂದ್ಸಲನೂ ಬಾಲ ತಿರಗಬಾರದು. ತಿರಗಲಿಲ್ಲ ಅಂದ್ರ ನೀ ನನ್ನ ಕಾರಿನ್ಯಾಗ ಯಾದಗಿರಿಗಿ ಬರಬೇಕು."

"ತಿರಗಿದ್ರ?"

"ಕುರುಡನಾಗೇ ಇರು. ನಾನೇ ತುತ್ತು ಮಾಡಿ ಉಣಸ್ತೀನಿ."

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳಿದ. ನಾನು ಟಿವಿ ನೋಡಲಿಲ್ಲ, ಅವನ ಮುಖ ನೋಡುತ್ತಿದ್ದೆ. ಪ್ರತಿ ತಿರುವಿಗೂ ಅವನು ತಲೆಯನ್ನು ಆ ಕಡೆಗೆ ಒಮ್ಮೆ ವಾಲಿಸುತ್ತಿದ್ದ. ಸಪ್ಪಳ ಇಳಿಯಿತು, ಸಮವಾಯಿತು, ಏರಿತು. ಮತ್ತೆ ಇಳಿಯಿತು. ಎಲ್ಲೂ ನಿಲ್ಲಲಿಲ್ಲ. ಆಟ ಮುಗಿದ ಮೇಲೆ ಅವನು ಕಣ್ಣು ತೆರೆದು ಟವೆಲಿನಿಂದ ಮುಖ ಒರೆಸಿಕೊಂಡ. ಕೊನೆಗೆ, "ಮುಂದ ಒಂದು ಚೀಲ ಜೋಳ ಹಾಕ್ರಿ" ಎಂದ.

ಹೊರಟೆವು. ಅವನು ಮುಂದೆ, ನಾನು ಹಿಂದೆ ಎಂಜಿನ್ನಿನ ಮೇಲೆ. ಕಾಲುವೆ ಅಂದಿನಂತೆಯೇ ತುಂಬಿತ್ತು. ತಿರುವು ಹತ್ತಿರ ಬಂದಾಗ ನಾನು ಮುಂದಿನ ಸೀಟನ್ನು ಹಿಡಿದುಕೊಂಡೆ. ಸುನಂದಾ ರಸ್ತೆ ನೆಟ್ಟಗಿರುವಾಗಲೇ ವೇಗ ಇಳಿಸಿದಳು, ತಿರುಗಿದಳು. ತಿರುವಿನ ನಡುವೆ ಜಾಲಿಯ ಮರೆಯಿಂದ ಕುರಿಮರಿಯೊಂದು ಚಂಗನೆ ಹಾರಿತು. ಅವಳು ಕಾಲು ತೆಗೆಯಲಿಲ್ಲ. ಕೈಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಮರಿ ಆ ಕಡೆ, ನೀರು ಈ ಕಡೆ, ನಾವು ನಡುವೆ. ಕಾರು ಒಂದೇ ಸಮ ದಾಟಿತು.

"ಏನು ಬಂದಿತ್ತು?" ಎಂದ ಮಾನಪ್ಪ. ಅವನಿಗೆ ಏನೂ ಕಂಡಿರಲಿಲ್ಲ.

"ಕುರಿಮರಿ, ಮುತ್ಯಾ."

"ಹ್ಞೂಂ" ಎಂದ. ಆಮೇಲೆ ನಿಧಾನಕ್ಕೆ, "ಕಾಲು ತಗೀಲಿಲ್ಲ ನೀ."

ನಾನು ಮುಂದಕ್ಕೆ ಬಾಗಿ ನೋಡಿದೆ. ಅವನ ಎರಡೂ ಕಾಲು ಜೋಳದ ಚೀಲದ ಮೇಲಿದ್ದವು.

ಆಪರೇಷನ್ ಆಯಿತು, ದೃಷ್ಟಿ ಮರಳಿತು. ಮನೆಗೆ ಬಂದವನೇ ಟಿವಿಯ ಮುಂದೆ ಕೂತು ಅರಿಶಿಣದ ಕಾರು ಚಾಲೂ ಮಾಡಿದ. ಮೊದಲ ತಿರುವಿಗೇ ಸಮುದ್ರ ಕಂಡಿತು, ರಸ್ತೆಯ ಅಂಚು ಕಂಡಿತು, ಕೆಳಗಿನ ಕಲ್ಲುಗಳೂ ಕಂಡವು. ಕಾಲು ತೆಗೆದುಬಿಟ್ಟ, ಕಾರು ಗಿರಕಿ ಹೊಡೆಯಿತು. "ಇಷ್ಟು ಆಳ ಐತೇನು" ಎಂದು ಎದ್ದುಹೋದವನು ಮತ್ತೆ ಆಡಲಿಲ್ಲ.

ಸುನಂದಾಳ ಮದುವೆಯಾಯಿತು, ಯಾದಗಿರಿಗೆ ಹೋದಳು. ಆ ಪುಟ್ಟ ಕಾರನ್ನು ನನ್ನ ಮಗ ಅವಳಿಗೇ ಕೊಟ್ಟ. ಅವಳು ಬಂದು ಹೋಗುವಾಗಲೆಲ್ಲ ಮಾನಪ್ಪ ಅಂಗಳದ ಹಗ್ಗದ ಹೊರಸಿನ ಮೇಲೆ ಕೂತು ಕಿವಿಗೊಡುತ್ತಿದ್ದ. ಕೊನೆಯ ಸಲ ಅವಳು ಹೊರಟಾಗ ಅವನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ, ಮಲಗಿಯೇ ಕೇಳಿದ. ಸಪ್ಪಳ ದಂಡೆಯ ತಿರುವಿನಲ್ಲಿ ಇಳಿಯಿತು, ಸಮವಾಯಿತು, ಏರಿತು. "ದಾಟಿದ್ಲು" ಎಂದು ನನ್ನ ಕಡೆ ಹೊರಳಿದ. ಅವನು ನನ್ನ ಜೊತೆ ಆಡಿದ ಕೊನೆಯ ಮಾತು ಅದು. ಮರುದಿನ ಬೆಳಿಗ್ಗೆ ಚಹಾ ಒಯ್ದಾಗ ಅವನಿರಲಿಲ್ಲ.

ನಿನ್ನೆ ಸುನಂದಾ ಮಗುವನ್ನು ತೋರಿಸಲು ಬಂದಿದ್ದಳು. ಗಂಡ ಮಗುವನ್ನು ಎತ್ತಿಕೊಂಡು ಹಿಂದೆ ಕೂತಿದ್ದ, ಇವಳು ಓಡಿಸಿಕೊಂಡು ಬಂದಳು. ಆ ಪುಟ್ಟ ಮೂಗು, ಮುಚ್ಚಿದ ಮುಷ್ಟಿ ನೋಡಿ ಕುಣಿಯಬೇಕೆನಿಸಿತು. ಮೊಣಕಾಲು ಬಿಡಲಿಲ್ಲ, ಕೂತಲ್ಲೇ ಕುಣಿದೆ. ಸಂಜೆ ಹೊರಟರು. ನಾನು ಹೊರಸಿನ ಮೇಲೆ ಕೂತೆ. ಕಾರು ದಂಡೆ ಹತ್ತಿತು, ಗಿಡಗಳ ಹಿಂದೆ ಮರೆಯಾಯಿತು. ಕಾಲುವೆಗೆ ನೀರು ಬಿಟ್ಟಿದ್ದರು.

ಸಪ್ಪಳ ಇಳಿಯಿತು. ಕೆಳಗೆ ನೋಡಿಕೊಂಡರೆ ನನ್ನ ಎರಡೂ ಪಾದ ನೆಲ ಬಿಟ್ಟು ಹೊರಸಿನ ಮೇಲಿದ್ದವು. ಯಾವಾಗ ಎತ್ತಿದೆನೋ. ಸಪ್ಪಳ ಒಂದೇ ಸಮ ನಡೆಯಿತು, ನಡೆಯುತ್ತಲೇ ಇತ್ತು, ಆಮೇಲೆ ಏರಿತು.

"ದಾಟಿದ್ಲು" ಎಂದೆ. ಹೊರಸಿನ ಆ ಬದಿಯಲ್ಲಿ ಯಾರೂ ಇರಲಿಲ್ಲ. ಕಾಲು ಕೆಳಗಿಟ್ಟೆ.