ಸ್ವೆಟರ್ ಹೆಪ್ಪು

ಅದಕ್ಕೆ ಕೆಫೀರ್ ಎನ್ನುತ್ತಾರೆಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ, ದಿನಪತ್ರಿಕೆಯ ಆರೋಗ್ಯದ ಪುಟದಲ್ಲಿ. ದಿನವೂ ಒಂದು ಲೋಟ ಕುಡಿದರೆ ಕರುಳಿಗೆ ಒಳ್ಳೆಯದು, ತಿಂದದ್ದು ಅರಗುತ್ತದೆ ಎಂದೆಲ್ಲ ಬರೆದಿದ್ದರು. ಪಕ್ಕದಲ್ಲಿ ಚಿತ್ರ. ಗಾಜಿನ ಬಟ್ಟಲಿನಲ್ಲಿ ಹೂಕೋಸಿನ ಚೂರುಗಳಂಥ ಬಿಳಿಯ ಉಂಡೆಗಳು. ನೋಡಿದ ತಕ್ಷಣ ಪತ್ರಿಕೆ ಮಡಚಿ ಎತ್ತಿಟ್ಟೆ. ಅವತ್ತು ನನಗೆ ತಿಂಡಿ ಸೇರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಸ್ವೆಟರ್ ಹೆಪ್ಪು ಎನ್ನುತ್ತಿದ್ದೆವು.

ತೊಂಬತ್ತರ ದಶಕದ ಕೊನೆಯ ಮಾತು. ತುಮಕೂರಿನಲ್ಲಿ ಬಾಡಿಗೆ ಮನೆ. ನಾನು ಕೋರದ ಕಡೆಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರು, ನಮ್ಮನೆಯವರು ತುಮಕೂರು–ಕುಣಿಗಲ್ ಬಸ್ಸಿನಲ್ಲಿ ಕಂಡಕ್ಟರು. ಮಕ್ಕಳಿರಲಿಲ್ಲ. ಮನೆಯಲ್ಲಿ ಇಬ್ಬರೇ ಆದರೂ ನನ್ನ ಬಾಯಿ ನಾಲ್ಕು ಜನರಷ್ಟಿತ್ತು. ಅವರದು ತದ್ವಿರುದ್ಧ. ಟಿಕೆಟ್ ತೆಗೆದುಕೊಳ್ಳದೆ ಕೂತವರನ್ನೂ ಬಸ್ಸಿನ ಜನರ ಎದುರಿಗೆ ಬಯ್ಯುತ್ತಿರಲಿಲ್ಲ. ಪಕ್ಕಕ್ಕೆ ಬಗ್ಗಿ, "ಟಿಕೆಟ್ ಮರ್ತಂಗಿದೀರ ಅನ್ಸುತ್ತೆ" ಎಂದು ಮೆಲ್ಲಗೆ ಹೇಳಿ, ಅವರು ಕೈ ಜೇಬಿಗೆ ಹಾಕುವತನಕ ಕಿಟಕಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಈ ಗುಣವನ್ನು ಎಷ್ಟು ಆಡಿಕೊಂಡಿದ್ದೇನೋ ಲೆಕ್ಕವಿಲ್ಲ.

ಕಂಡಕ್ಟರ ಹೊಟ್ಟೆಯ ಪಾಡು ಹೇಳಬೇಕಾಗಿಲ್ಲ. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೊರಟರೆ ಬಸ್ ನಿಂತಾಗ ಟೀ, ಸಿಕ್ಕಿದಾಗ ಬೋಂಡ, ಊಟ ಮೂರು ಗಂಟೆಗೋ ನಾಲ್ಕಕ್ಕೋ. ನಮ್ಮ ಕಡೆ ಎದೆ ಉರಿದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೂ ಗ್ಯಾಸ್ಟ್ರಿಕ್. ಅವರದೂ ಅದೇ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗಿದರು. ಮೊಸರು ತಿಂದರೆ ಉರಿ, ಮುದ್ದೆ ತಿಂದರೆ ಕಲ್ಲು ಕೂತಂತೆ. ತಟ್ಟೆಯ ಮುಂದೆ ಕೂತು ಎರಡು ತುತ್ತು ನುಂಗಿ ಕೈ ತೊಳೆಯುವ ಗಂಡಸನ್ನು ದಿನಾ ನೋಡುವುದಿದೆಯಲ್ಲ, ಅಡುಗೆ ಮಾಡಿದವಳ ಮೈ ಉರಿಯುತ್ತದೆ. ನನಗೂ ಉರಿಯುತ್ತಿತ್ತು. ಅದು ಭಯ ಎಂದು ಆಗ ತಿಳಿದಿರಲಿಲ್ಲ.

ಚಳಿಗಾಲ ಬಂದರೆ ಟಿಬೆಟಿನವರು ಬಂದು ರಸ್ತೆ ಬದಿಯಲ್ಲಿ ಸ್ವೆಟರ್ ಅಂಗಡಿ ಹಾಕುತ್ತಿದ್ದರು. ಒಂದು ವರ್ಷ ನಾವು ಅಲ್ಲಿ ಮಫ್ಲರ್ ಆರಿಸುತ್ತಿದ್ದಾಗ ಇವರು ಹೊಟ್ಟೆ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಂಗಡಿಯ ಹೆಂಗಸು, ವಯಸ್ಸಾದಾಕೆ, ಒಳಗಿನಿಂದ ಒಂದು ಲೋಟ ತಂದು ಕೈಗಿತ್ತಳು. ಹುಳಿ ಹಾಲು. ನಾನು ಬೇಡವೆನ್ನುವಷ್ಟರಲ್ಲಿ ಇವರು ಕುಡಿದು ಮುಗಿಸಿದ್ದರು. ಕುಡಿದು, ಬಾಯಿ ಒರೆಸಿಕೊಂಡು, "ಇದು ಉರೀತಿಲ್ಲ ಕಣೇ" ಎಂದರು. ಆಮೇಲೆ ಮೂರು ದಿನ ಬಿಡದೆ ಹೋಗಿ ಕುಡಿದರು. ನಾಲ್ಕನೆಯ ದಿನ ಆಕೆ ಒಂದು ಗಾಜಿನ ಬಾಟಲಿಯಲ್ಲಿ ಆ ಬಿಳಿಯ ಉಂಡೆಗಳನ್ನು ಹಾಕಿ ನನ್ನ ಕೈಗೇ ಕೊಟ್ಟಳು.

ಆಕೆಯ ಮಾತು ಅರ್ಧ ಹಿಂದಿ, ಅರ್ಧ ಕನ್ನಡ. "ಹಾಲು ಗರಂ ನಹೀ. ಪೂರಾ ತಣ್ಣಗೆ. ದಿನಾ ಸೋಸಿ ಕುಡೀಬೇಕು, ಉಂಡೆ ಮತ್ತೆ ಹಾಲಿಗೆ." ನಾನು ಏನು ಕೊಡಬೇಕೆಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದಳು. "ಮಾರಬಾರ್ದು. ಇದು ಕೊಡೋದು. ನೀನೂ ಯಾರಿಗಾದ್ರೂ ಕೊಡು. ನಿಂದು ಸತ್ತೋದ್ರೆ ಅವರು ನಿಂಗೆ ಕೊಡ್ತಾರೆ."

ಬಸ್ಸಿನಲ್ಲಿ ಜೀವನ ಕಳೆದ ಇವರಿಗೆ ಅದು ತಕ್ಷಣ ಅರ್ಥವಾಯಿತು. "ಸ್ಟೆಪ್ನಿ ಕಣೇ" ಎಂದು ನಕ್ಕರು. "ಒಂದು ಟೈರ್ ಪಂಚರ್ ಆದ್ರೆ ಇನ್ನೊಂದು ಇರ್ಬೇಕು."

ಹಾಲು ಕಾಯಿಸಿ ಪೂರಾ ಆರಿಸಿ, ಉಂಡೆ ಹಾಕಿಟ್ಟರೆ ಮಾರನೆಯ ದಿನಕ್ಕೆ ಹುಳಿಯಾಗಿರುತ್ತಿತ್ತು. ಮೊಸರಿನಂತೆ ಗಟ್ಟಿಯಲ್ಲ, ಮಜ್ಜಿಗೆಯಂತೆ ನೀರೂ ಅಲ್ಲ. ಕುಡಿದರೆ ನಾಲಿಗೆ ಚುರುಕ್ ಎನ್ನುತ್ತಿತ್ತು. ಬೆಳಿಗ್ಗೆ ಬಸ್ಸಿಗೆ ಹೋಗುವ ಮುಂಚೆ ಒಂದು ಲೋಟ, ಬಂದ ಮೇಲೆ ಒಂದು ಲೋಟ. ತಿಂಗಳೊಳಗೆ ಅವರು ಮುದ್ದೆ ಕೇಳಿ ಹಾಕಿಸಿಕೊಂಡರು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು, "ಸಾಕು, ಹೊಟ್ಟೆ ಒಡೆದುಹೋದೀತು" ಎಂದು ಗದರಿದೆ. ಹೀಗೆ ಒಂದು ವರ್ಷದ ಮೇಲಾಯಿತು. ಉಂಡೆಗಳು ಬೆಳೆಯುತ್ತಿದ್ದವು. ಹೆಚ್ಚಾದದ್ದನ್ನು ಯಾರಿಗಾದರೂ ಕೊಡಬೇಕೆಂದುಕೊಳ್ಳುತ್ತಿದ್ದೆ, ಆಮೇಲೆ ಮರೆಯುತ್ತಿದ್ದೆ. ಒಂದೆರಡು ಸಲ ಗಿಡದ ಬುಡಕ್ಕೆ ಸುರಿದದ್ದೂ ಉಂಟು.

ಎರಡನೆಯ ಚಳಿಗಾಲ ಕಳೆಯುವ ಹೊತ್ತಿಗೆ ಅವರು ಮತ್ತೆ ಸೊರಗತೊಡಗಿದರು. ಬೆಂಗಳೂರಿಗೆ ಕರೆದುಕೊಂಡು ಹೋದೆ. ಗ್ಯಾಸ್ಟ್ರಿಕ್ ಅಲ್ಲ, ಕರುಳಿನಲ್ಲಿ ಗಡ್ಡೆ, ತಡವಾಗಿದೆ ಎಂದರು ಡಾಕ್ಟರು. ನಾನು ಪೆದ್ದಿಯಂತೆ ಹುಳಿ ಹಾಲಿನ ವಿಷಯ ಕೇಳಿದೆ. ಅವರು ನಗಲಿಲ್ಲ. "ಅದರಿಂದ ಗಡ್ಡೆ ಕರಗೋದಿಲ್ಲಮ್ಮ. ಆದರೆ ಹೊಟ್ಟೆಗೆ ಒಗ್ಗುತ್ತಿದ್ದರೆ ನಿಲ್ಲಿಸಬೇಡಿ, ಕುಡೀಲಿ" ಎಂದರು. ಮೊದಲ ವಾಕ್ಯವನ್ನು ನಾನು ಬೆಂಗಳೂರಿನಲ್ಲೇ ಬಿಟ್ಟು, ಎರಡನೆಯದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡು ತುಮಕೂರಿಗೆ ಬಂದೆ.

ಆ ವಾರದಲ್ಲೇ ಒಂದು ಸಂಜೆ ಎದುರುಮನೆಯವಳು ಬಂದಳು. ಅವಳ ಗಂಡನದು ತಗಡಿನ ಟ್ರಂಕು ಮಾಡುವ ಕೆಲಸ. ಮನೆಯಲ್ಲಿ ಉರ್ದು, ನಮ್ಮ ಜೊತೆ ಅಚ್ಚ ತುಮಕೂರಿನ ಕನ್ನಡ. ನನಗಿಂತ ಏಳೆಂಟು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎಂದೂ ಇವರನ್ನು ಅಣ್ಣ ಎಂದೂ ಕರೆಯುತ್ತಿದ್ದಳು. ಗಡ್ಡೆಯ ವಿಷಯ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

"ಅಕ್ಕ, ಕುಣಿಗಲ್ನಲ್ಲಿ ನಮ್ಮಮ್ಮಂಗೆ ಏನೂ ಅರಗ್ತಿಲ್ಲ. ತಿಂದಿದ್ದೆಲ್ಲ ವಾಂತಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಹೋಗ್ತಿದೀನಿ. ಅಣ್ಣ ಕುಡೀತಾರಲ್ಲ, ಆ ಹೆಪ್ಪು ಒಂದು ಚಮಚ ಕೊಡಿ."

ಬಾಟಲಿಯಲ್ಲಿ ಆಗ ಉಂಡೆ ಕಮ್ಮಿಯಿತ್ತು. ಬೆಂಗಳೂರಿನ ಓಡಾಟದಲ್ಲಿ ಸರಿಯಾಗಿ ನೋಡಿಕೊಳ್ಳದೆ ಸೊರಗಿದ್ದವು. ಅವಳು ಕೇಳಿದ್ದು ಒಂದು ಚಮಚ ಹೆಪ್ಪು. ನನಗೆ ಕೇಳಿಸಿದ್ದು ಇವರ ಆಯಸ್ಸಿನಲ್ಲಿ ಒಂದು ಚಮಚ ತೆಗೆದುಕೊಡು ಎಂದು. ಆಗತಾನೆ ದೇವರಿಗೆ ದೀಪ ಹಚ್ಚಿ ಬಂದಿದ್ದೆ. ಬಾಯಿಗೆ ಅದೇ ಬಂತು.

"ದೀಪ ಹಚ್ಚಿಬಿಟ್ಟೆನಲ್ಲಮ್ಮ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡೋ ಹಾಗಿಲ್ಲ."

ಇದು ನಮ್ಮ ಕಡೆಯ ಹಳೆಯ ಪದ್ಧತಿ, ನಿಜ. ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು, ಹೆಪ್ಪು ಹೊಸಿಲು ದಾಟಬಾರದು. ನಮ್ಮಮ್ಮ ಪಾಲಿಸುತ್ತಿದ್ದಳು. ನಾನಲ್ಲ. ಶಾಲೆಯಲ್ಲಿ ಮೂಢನಂಬಿಕೆಯ ಪಾಠ ಮಾಡುವಾಗ ಇದನ್ನೇ ಉದಾಹರಣೆಯಾಗಿ ಹೇಳಿ ಮಕ್ಕಳನ್ನು ನಗಿಸುತ್ತಿದ್ದೆ. ಇದೇ ಎದುರುಮನೆಗೆ ಎಷ್ಟೋ ಸಂಜೆ ನಾನೇ ಮೊಸರು ಕೊಟ್ಟಿದ್ದೆ. ಅವಳಿಗೆ ಅದು ನೆನಪಿತ್ತೋ ಇಲ್ಲವೋ. "ಹೌದಾ ಅಕ್ಕ, ಗೊತ್ತಾಗ್ಲಿಲ್ಲ, ಬೇಜಾರ್ ಮಾಡ್ಕೋಬೇಡಿ" ಎಂದು ತಾನೇ ತಪ್ಪು ಮಾಡಿದವಳಂತೆ ಹೋದಳು. ಒಳಗಿನ ಕೋಣೆಯಲ್ಲಿ ಇವರು ಮಲಗಿದ್ದರು. ನಿದ್ದೆ ಬಂದಿರಬೇಕು ಎಂದುಕೊಂಡೆ.

ಮಾರನೆಯ ದಿನ ನಾನು ಏಳುವ ಮೊದಲೇ ಇವರು ಎದ್ದು ಅಡುಗೆಮನೆಯಲ್ಲಿದ್ದರು. ಇನ್ನೂ ಡ್ಯೂಟಿಗೆ ಹೋಗುತ್ತಿದ್ದ ದಿನಗಳು ಅವು. "ಏನ್ರೀ ಹುಡುಕ್ತಿದೀರ?" ಎಂದರೆ, "ಏನಿಲ್ಲ ಕಣೇ, ಕುಡೀತಿದೀನಿ" ಎಂದರು. ಕಪಾಟಿನಲ್ಲಿದ್ದ ಖಾಲಿ ಟಾನಿಕ್ ಬಾಟಲಿ ಆಮೇಲೆ ಕಾಣಲಿಲ್ಲ. ಅದರ ಬಗ್ಗೆ ನಾನು ಯೋಚಿಸಲೂ ಇಲ್ಲ.

ಆಪರೇಷನ್ ಆಯಿತು. ಒಳಗೆ ನೋಡಿ ಹಾಗೆಯೇ ಹೊಲಿದರು ಎನ್ನಬಹುದು. ಮನೆಗೆ ಕರೆತಂದ ಮೇಲೆ ಅವರಿಗೆ ರುಚಿಯೆಂದು ಉಳಿದದ್ದು ಆ ಹುಳಿ ಹಾಲೊಂದೇ. ಗಂಜಿಗೆ ಮುಖ ತಿರುಗಿಸುತ್ತಿದ್ದವರು ಆ ಲೋಟ ಕಂಡರೆ ಮೊಣಕೈ ಊರಿ ಏಳುತ್ತಿದ್ದರು. ಒಂದು ದಿನ ಶಾಲೆಗೆ ಹೊತ್ತಾಗಿತ್ತು. ಹಾಲು ಕಾಯಿಸಿದೆ. ಹುಟ್ಟಿದಾಗಿನಿಂದ ಮೊಸರಿಗೆ ಹೆಪ್ಪು ಹಾಕಿದ ಕೈ ಇದು. ಹಾಲಿಗೆ ಬೆರಳದ್ದಿ, ಸುಟ್ಟೂ ಸುಡದ ಹಾಗಿದ್ದರೆ ಹೆಪ್ಪು ಹಾಕುವುದು ಅಭ್ಯಾಸ. ಅವತ್ತು ಬೆರಳದ್ದಿದೆ, ಸುಟ್ಟಿತೋ ಇಲ್ಲವೋ ನೋಡಲಿಲ್ಲ, ಉಂಡೆಗಳನ್ನು ಸುರಿದು ಬಸ್ಸಿಗೆ ಓಡಿದೆ. ಮಾರನೆಯ ದಿನ ಹಾಲು ಒಡೆದಿತ್ತು. ಉಂಡೆ ಸೋಸಿ ಹೊಸ ಹಾಲಿಗೆ ಹಾಕಿದೆ, ಅದೂ ಹುಳಿಯಾಗಲಿಲ್ಲ. ಮೂರನೆಯ ದಿನ ಬಾಟಲಿಯಿಂದ ನಾರುವ ವಾಸನೆ ಬಂತು. ಬಚ್ಚಲಿಗೆ ಸುರಿದು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತೆ. ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ಸ್ವೆಟರಿನವರು ಬರುವುದಕ್ಕೆ ಇನ್ನೂ ಏಳೆಂಟು ತಿಂಗಳಿತ್ತು.

ಇವರಿಗೆ ಹೇಳಿದೆ. ಬಯ್ಯಲಿಲ್ಲ. ಹೊದಿಕೆ ಸರಿಮಾಡಿಕೊಳ್ಳುತ್ತಾ, "ಸ್ಟೆಪ್ನಿ ಇಲ್ವಾ ಟೀಚರಮ್ಮ?" ಎಂದರು. ನಾನು ಖಾಲಿ ಲೋಟ ಎತ್ತಿಕೊಂಡೆ. "ಯಾರ್ಗೂ ಕೊಟ್ಟಿಲ್ವೇನೇ? ಎದುರುಮನೆ ಹುಡುಗಿ ಕೇಳ್ದಂಗಿತ್ತು, ಅವರಮ್ಮಂಗೆ ಅಂತ."

ಕೇಳಿದಳು, ಸುಳ್ಳು ಹೇಳಿ ಕಳಿಸಿದೆ ಎಂದು ಆ ಹೊತ್ತಿನಲ್ಲಿ, ಆ ಮುಖ ನೋಡಿಕೊಂಡು ಹೇಗೆ ಹೇಳುವುದು? "ಇಲ್ಲಪ್ಪ, ಅವಳು ಕೇಳಲೇ ಇಲ್ಲ" ಎಂದೆ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. ನಾನು ಏನಾದರೂ ಹೇಳುತ್ತೇನೇನೋ ಎನ್ನುವಂತೆ ಸುಮಾರು ಹೊತ್ತು ಹಾಗೇ ಇದ್ದರು. "ಸರಿ ಬುಡು" ಎಂದರು.

ಎದುರುಮನೆಯವಳಿಗೂ ಹೆಪ್ಪು ಸತ್ತದ್ದನ್ನು ಹೇಳಲಿಲ್ಲ. ಹೇಳಿದರೆ ಅವಳ ಕಣ್ಣಿನಲ್ಲಿ ಏನು ಕಾಣಬಹುದೋ ಎಂಬ ಅಂಜಿಕೆ. ಅವಳು ವಾರಕ್ಕೆರಡು ದಿನ ಕುಣಿಗಲ್ಲಿಗೆ ಹೋಗಿಬರುತ್ತಿದ್ದಳು. ಇದ್ದ ದಿನ ಬಂದು ಇವರ ಹತ್ತಿರ ಕೂತು, ನನಗೆ ಚಪಾತಿ ಲಟ್ಟಿಸಿಕೊಟ್ಟು, ಎಂದಿಗಿಂತ ಹೆಚ್ಚೇ ಅಕ್ಕರೆ ತೋರಿಸುತ್ತಿದ್ದಳು. ಆ ಅಕ್ಕರೆ ನನಗೆ ಮುಳ್ಳಾಗುತ್ತಿತ್ತು. ಇವರು ಒಂದೊಂದು ಬೆಳಿಗ್ಗೆ ಏಳುತ್ತಲೇ ಅಭ್ಯಾಸಬಲದಿಂದ ಲೋಟಕ್ಕೆ ಕೈ ಚಾಚಿ, ನೆನಪಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಆಷಾಢದಲ್ಲಿ ಹೋದರು. ಕೊನೆಯ ಹದಿನೈದು ದಿನ ಬರೀ ನೀರು.

ಹಾಲು ಇದ್ದಿದ್ದರೆ ಉಳಿಯುತ್ತಿದ್ದರೆಂದು ನಾನು ಹೇಳುತ್ತಿಲ್ಲ. ಡಾಕ್ಟರರ ಮೊದಲ ವಾಕ್ಯ ಈಗ ನನಗೆ ಚೆನ್ನಾಗಿ ನೆನಪಿದೆ. ನನ್ನ ಸಂಕಟ ಬೇರೆ. ಬದುಕಿದ್ದಷ್ಟು ದಿನ ಅವರು ಆಸೆಪಟ್ಟು ಬಾಯಿಗಿಡಬಹುದಾಗಿದ್ದ ಒಂದೇ ಒಂದು ವಸ್ತು ಇಲ್ಲದ ಹಾಗಾಯಿತಲ್ಲ ಎಂಬುದು.

ತಿಥಿಯೂಟ ಮುಗಿದು, ನೆಂಟರೆಲ್ಲ ಗುಬ್ಬಿ, ಚೇಳೂರಿನ ಬಸ್ಸು ಹತ್ತಿ ಹೋದ ಮೇಲೆ ಒಂದು ಸಂಜೆ ಎದುರುಮನೆಯವಳು ಬಾಗಿಲಿಗೆ ಬಂದಳು. ಕೈಯಲ್ಲಿ ಗಾಜಿನ ಬಾಟಲಿ, ಅದರ ಬಾಯಿಗೆ ತೆಳು ಬಟ್ಟೆ. ಒಳಗೆ ಬಿಳಿಯ ಉಂಡೆಗಳು, ಕತ್ತಿನತನಕ.

"ಅಕ್ಕ, ಮೊನ್ನೆ ತಿಥಿಯೂಟದ ಪಾತ್ರೆ ತೊಳೆಯೋವಾಗ ನೋಡ್ದೆ, ನಿಮ್ ಬಾಟ್ಲಿ ಖಾಲಿ ಬೋರಲಾಕಿತ್ತು. ಸತ್ತೋಯ್ತಾ? ನಂಗೊಂದು ಮಾತು ಹೇಳ್ಬಾರ್ದಿತ್ತಾ? ನೀವೂ ಊಟ ಬಿಟ್ಟಿದೀರ, ಹೊಟ್ಟೆ ಏನಾಗ್ಬೇಕು? ಕುಣಿಗಲ್ಲಿಂದ ತಂದಿದೀನಿ."

"ಕುಣಿಗಲ್ಲಲ್ಲಿ ಎಲ್ಲಿಂದ ಬಂತು?" ಎಂದೆ.

"ನಿಮ್ದೇ ಅಲ್ವಾ ಅಕ್ಕ! ಆವತ್ತು ಬೆಳಿಗ್ಗೆ ಬಸ್ನಲ್ಲಿ ಅಣ್ಣ ಟಾನಿಕ್ ಬಾಟ್ಲೀಲಿ ಕೊಟ್ರಲ್ಲ. 'ನಿಮ್ಮಕ್ಕ ಬೆಳಗಾಗ್ಲಿ ಅಂತ ಕಾಯ್ಕೊಂಡಿದ್ಲು ಕಣಮ್ಮ, ಏಳ್ತಿದ್ದಂಗೇ ಕೊಟ್ಟು ಕಳ್ಸಿದಾಳೆ, ಅವಳ ಮುಂದೆ ಈ ಮಾತೆತ್ಬೇಡ, ಸಂಕೋಚ ಪಡ್ತಾಳೆ' ಅಂದ್ರು. ನಮ್ಮಮ್ಮ ಈಗ ರೊಟ್ಟಿ ತಿಂತಾರೆ. ಐದು ಹೊತ್ತೂ ನಮಾಜ್ನಲ್ಲಿ ನಿಮಗೋಸ್ಕರ ದುವಾ ಕೇಳ್ತಾರೆ."

ಹಾಗಾದರೆ ಇವರಿಗೆ ನಿದ್ದೆ ಬಂದಿರಲಿಲ್ಲ. ಕೇಳಿಸಿಕೊಂಡಿದ್ದರು. ಆ ಸಂಜೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸ್ಟೆಪ್ನಿ ಎಲ್ಲಿದೆ ಎಂದು ಗೊತ್ತಿದ್ದೂ ನನ್ನ ಬಾಯಿಂದಲೇ ಬರಲಿ ಎಂದು ಕಿಟಕಿಯ ಕಡೆ ನೋಡುತ್ತಾ ಕಾದಿದ್ದರು. ಒಂದೇ ಒಂದು ಸಲ ಗದರಿ, "ಲೇ, ಸುಳ್ಳು ಹೇಳ್ಬೇಡ, ಹೋಗಿ ತಗೊಂಬಾ" ಎಂದಿದ್ದರೆ ಸಾಯಂಕಾಲದೊಳಗೆ ಕುಣಿಗಲ್ಲಿಗೆ ಹೋಗಿ ಬಂದುಬಿಡುತ್ತಿದ್ದೆ. ಇವತ್ತಿಗೂ ಅವರ ಮೇಲೆ ನನಗೆ ಈ ಕೋಪ ಹೋಗಿಲ್ಲ.

ಅವಳು ಬಾಟಲಿ ನನ್ನ ಕಡೆ ಚಾಚಿದವಳು ಒಳಗೆ ನೋಡಿ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಇವರ ಫೋಟೋದ ಮುಂದೆ ನಾನು ಆಗತಾನೆ ದೀಪ ಹಚ್ಚಿದ್ದೆ.

"ಅಯ್ಯೋ, ದೀಪ ಹಚ್ಬಿಟ್ಟಿದೀರ. ನಿಮ್ಮಲ್ಲಿ ಆಗಲ್ಲ ಅಲ್ವಾ? ಇರ್ಲಿ ಅಕ್ಕ, ಬೆಳಿಗ್ಗೆ ಎದ್ದ ತಕ್ಷಣ ತಂದ್ಕೊಡ್ತೀನಿ" ಎಂದು ಅವಳು ಮೆಟ್ಟಿಲಿಳಿದಳು. ಅಂಥ ಪದ್ಧತಿ ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ ಎಂದು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಅವರು ಆ ಬೆಳಿಗ್ಗೆ ಬಸ್ಸಿನಲ್ಲಿ ನನಗಾಗಿ ಆಡಿದ ಮಾತೂ ಸುಳ್ಳಾಗುತ್ತಿತ್ತು. ಅವಳು ಬಾಟಲಿಯನ್ನು ಎದೆಗವಚಿಕೊಂಡು ರಸ್ತೆ ದಾಟಿ ಹೋಗುವುದನ್ನು ನೋಡುತ್ತಾ ನಿಂತೆ.