ಸೊಲ್ಲಾಪುರದ ಹಾದಿಯಲ್ಲಿದ್ದ ಸಮುದ್ರ

ನಾನು ಒಂದು ಕಡೆ ಕೂತವಳೇ ಅಲ್ಲ. ಇದನ್ನು ಬರೆಯುತ್ತಲೇ ಎರಡು ಸಲ ಎದ್ದು ಅಂಗಳ ಸುತ್ತಿ ಬಂದಿದ್ದೇನೆ. "ಕಾಲಿಗೆ ಚಕ್ರ ಕಟಗೊಂಡ ಹುಟ್ಟೀಯೇನ ನೀ?" ಎಂದು ಅವ್ವ ದಿನಕ್ಕೆ ನಾಲ್ಕು ಸಲ ಬೈಯುತ್ತಿದ್ದಳು. ಹೀಗಾಗಿ ಭೂಮಿ ತನ್ನ ಸುತ್ತ ತಾನೇ ತಿರುಗುತ್ತದೆ, ಅದು ಸಾಲದೆಂದು ಸೂರ್ಯನ ಸುತ್ತಲೂ ಓಡುತ್ತದೆ ಎಂದು ಹೆಡ್ ಮಾಸ್ತರರು ಹೇಳಿದ ದಿನ ನನಗೆ ಎಲ್ಲಿಲ್ಲದ ಖುಷಿ. ಮನೆಗೆ ಓಡಿಬಂದು, "ಯವ್ವಾ, ನಾ ಒಬ್ಬಾಕೀನ ಅಲ್ಲ, ನಿನ್ನ ಒಲೀನೂ ತಿರಗಾಕತ್ತೈತಿ" ಎಂದೆ.

"ತಿರಗಲಿ ಬಿಡು. ಮೊದಲ ಆ ರೊಟ್ಟಿ ತಿರವಿ ಹಾಕು" ಎಂದಳು ಅವ್ವ.

ಅದು ಐವತ್ತರ ದಶಕದ ಕೊನೆ. ನಮ್ಮೂರು ಝಳಕಿಯ ಹತ್ತಿರ, ಉತ್ತರದ ಸೊಲ್ಲಾಪುರದಿಂದ ದಕ್ಷಿಣದ ವಿಜಾಪುರಕ್ಕೆ ಹೋಗುವ ಸಡಕಿನ ಮೇಲೆ. ಅಪ್ಪ ಟೇಲರ್, ಸಡಕಿಗೆ ಹತ್ತಿದ ನಮ್ಮ ಮನೆಯ ಪಡಸಾಲೆಯಲ್ಲೇ ಅವನ ಹೊಲಿಗೆ ಮಷೀನು. ನಾನು ಏಳನೆಯ ಇಯತ್ತೆ. ಆ ವರ್ಷದ ಕೊನೆಗೆ ಬರುವ ಮುಲ್ಕಿ ಎಂಬ ಪಬ್ಲಿಕ್ ಪರೀಕ್ಷೆ ಪಾಸು ಮಾಡಿ, ವಿಜಾಪುರಕ್ಕೆ ಹೋಗಿ ಶಿಕ್ಷಕಿಯಾಗುವ ಟ್ರೇನಿಂಗ್ ಮಾಡಬೇಕೆಂಬುದು ನನ್ನ ಹಟ. ಅಪ್ಪನದು ಒಂದೇ ಮಾತು: "ಮುಲ್ಕಿ ಮುಗಸು, ಸಾಕು. ವಿಜಾಪುರ ದೂರ ಆತು." ನಮ್ಮ ಓಣಿಯ ಯಾವ ಹುಡುಗಿಯೂ ಊರು ಬಿಟ್ಟು ಕಲಿತಿರಲಿಲ್ಲ. ವಿಜಾಪುರದ ಬಸ್ಸು ಮನೆ ಮುಂದೆಯೇ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಅದು ಹೋದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಸಾಲೆಯಲ್ಲಿದ್ದದ್ದು ಭಾರತದ ಒಂದೇ ಒಂದು ನಕ್ಷೆ. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿತ್ತು; ನಕ್ಷೆಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಮಾಸ್ತರರೇ ಮಸಿಯಲ್ಲಿ ಹೊಸ ಗಡಿ ಎಳೆದಿದ್ದರು. ಪೂರ್ವದ ಗೋಡೆಯ ಮೊಳೆಗೆ ಅದನ್ನು ನೇತುಹಾಕಿ, ನಮ್ಮನ್ನು ಎದುರಿಗೆ ಕೂರಿಸಿ, "ಮ್ಯಾಲ ಉತ್ತರ, ಎಡಗೈ ಪಶ್ಚಿಮ" ಎಂದು ಕೂಗಿಸುತ್ತಿದ್ದರು. ಗಂಟಲು ಹರಿಯುವಂತೆ ಕೂಗಿದ್ದೇ ಕೂಗಿದ್ದು. ಹೊರಗೆ ಹೋಗಿ ದಿಕ್ಕು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮುಲ್ಕಿಗೆ ತಿಂಗಳಿದೆ ಎನ್ನುವಾಗ ಇನ್ಸ್‌ಪೆಕ್ಟರ್ ಸಾಹೇಬರು ಸಾಲೆಯ ತಪಾಸಣೆಗೆ ಬಂದರು. ಬಿಗಿಯಾಗಿ ಲಾಡಿ ಕಟ್ಟಿದ ಕರೀ ಬೂಟು ಹಾಕಿದ್ದರು.

"ಅರಬ್ಬಿ ಸಮುದ್ರ ಯಾ ಕಡಿ ಐತಿ? ನಕ್ಷಾದಾಗ ಅಲ್ಲ. ಖರೇ ಸಮುದ್ರ. ಕೈ ಮಾಡಿ ತೋರಸ್ರಿ."

ಇಡೀ ವರ್ಗ ಎಡಗೈ ಚಾಚಿತು. ಎಡಕ್ಕಿದ್ದ ಕಿಟಕಿಯಲ್ಲಿ ಸೊಲ್ಲಾಪುರದ ಕಡೆ ಹೋಗುವ ಸಡಕು ಕಾಣುತ್ತಿತ್ತು. ನಾನೊಬ್ಬಳೇ ತಿರುಗಿ ಬೆನ್ನ ಹಿಂದಿನ ಬಾಗಿಲು ತೋರಿಸಿದೆ. ಹುಡುಗರು ಕಿಸಕ್ಕೆಂದರು.

"ಎಡಗೈ ಅಂತ ಕಲಿಸಿಲ್ಲೇನ ನಿನಗ?" ಎಂದು ಮಾಸ್ತರರು ಹಲ್ಲು ಕಡಿದರು.

"ಎಡಕ್ಕ ಸೊಲ್ಲಾಪುರ ಐತ್ರಿ. ಅಲ್ಲಿ ಎಲ್ಲೀ ಸಮುದ್ರ?" ನನ್ನ ಬಾಯಿ ಆಗಲೂ ಹೀಗೇ. "ನಮ್ಮಪ್ಪ ಮಕ್ಕಾದ ಕಡಿ ಅಂತ ಈ ಬಾಗಲದ ದಿಕ್ಕಿಗೇ ಮುಖಾ ಮಾಡಿ ನಮಾಜ್ ಮಾಡ್ತಾನ್ರಿ. ಹಜ್ ಮಾಡಾವ್ರು ಮುಂಬೈದಾಗ ಹಡಗ ಹತ್ತಿ, ಅದ ಸಮುದ್ರ ದಾಟಿ ಮಕ್ಕಾಕ್ಕ ಹೋಗ್ತಾರ್ರಿ."

"ಹಂಗಾರ ನಕ್ಷಾ ಸುಳ್ಳ ಹೇಳತೈತೇನು?" ಎಂದರು ಸಾಹೇಬರು.

ನನಗೆ ನೆನಪಾದದ್ದು ನಮ್ಮ ಮನೆಯ ಜಾನಮಾಜು, ಅಪ್ಪ ನಮಾಜಿಗೆ ಹಾಸುವ ಚಾಪೆ. ಮನೆಯ ಗೋಡೆಗಳು ಸೊಟ್ಟ, ಅದಕ್ಕೆ ಚಾಪೆ ಯಾವಾಗಲೂ ಕೋಣೆಗೆ ಓರೆಯಾಗಿ ಬೀಳುತ್ತಿತ್ತು. ಸಣ್ಣವಳಿದ್ದಾಗ ಅದನ್ನು ಗೋಡೆಗೆ ಸರಿಯಾಗಿ ನೆಟ್ಟಗೆ ಎಳೆಯುತ್ತಿದ್ದೆ. "ಗ್ವಾಡಿ ನೋಡಿ ಹಾಸಬ್ಯಾಡ, ದಿಕ್ಕ ನೋಡಿ ಹಾಸು" ಎಂದು ಅಪ್ಪ ಗದರುತ್ತಿದ್ದ.

ಹೋಗಿ ನಕ್ಷೆಯನ್ನು ಮೊಳೆಯಿಂದ ಕಿತ್ತು ನೆಲಕ್ಕೆ ಹಾಸಿಬಿಟ್ಟೆ!

"ಏ ಹುಡಿಗಿ! ದೇಶದ ನಕ್ಷಾ ತಂದ ಕಾಲಾಗ ಹಾಕ್ತಿ?" ಮಾಸ್ತರರು ಬೆತ್ತ ಎತ್ತಿದರು. ಮುಗಿಯಿತು, ವಿಜಾಪುರ ನೀರಿಗೆ ಬಿತ್ತು ಎಂದುಕೊಂಡೆ. ಆದರೂ ಬಿಡಲಿಲ್ಲ. ನಕ್ಷೆಯನ್ನು ತಿರುಗಿಸುತ್ತಾ ಹೋಗಿ, ಅರಬ್ಬಿಯ ನೀಲಿಯನ್ನು ಬಾಗಿಲಿನ ಕಡೆಗೂ ಹಿಮಾಲಯವನ್ನು ಸೊಲ್ಲಾಪುರದ ಕಿಟಕಿಯ ಕಡೆಗೂ ತಂದು ನಿಲ್ಲಿಸಿದೆ.

ಸಾಹೇಬರು ಬಗ್ಗಿದರು. ಲಾಡಿ ಬಿಚ್ಚಿ ಬೂಟು ಕಳೆದು ಬದಿಗಿಟ್ಟರು. ಬರಿಗಾಲಲ್ಲಿ ನಕ್ಷೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, "ನೋಡ್ರಿ ಮಾಸ್ತರ, ಈಗ ಸಮುದ್ರ ತನ್ನ ಜಾಗಾಕ್ಕ ಹೋತು" ಎಂದರು.

ಅದೇ ಸಂಜೆ ಮಾಸ್ತರರು ನಕ್ಷೆಯ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಗೇ ಬಂದರು.

"ಟೇಲರ್ ಸಾಬ್ರ, ಹುಡಿಗೀನ ಮುಂದ ಕಲಸ್ರಿ ಅಂತ ಸಾಹೇಬ್ರು ಹೇಳಿ ಹೋಗ್ಯಾರ. ಇವತ್ತ ನಾನೂ ಆಕೀ ಕಡಿಂದ ಒಂದ ಪಾಠ ಕಲತೆ. ವಿಜಾಪುರಕ್ಕ ಕಳಸ್ರಿ."

"ದೂರ ಆತಲ್ರೀ ಗುರುಗಳ" ಎಂದ ಅಪ್ಪ.

"ಎಷ್ಟ ದೂರ, ನೀವ ನೋಡ್ರಿ." ಮಾಸ್ತರರು ಬಟ್ಟೆ ಕತ್ತರಿಸುವ ಜಾಗದಲ್ಲಿ ನಕ್ಷೆ ಬಿಚ್ಚಿದರು. ಅಪ್ಪ ಅದನ್ನು ನೋಡುವ ಮೊದಲೇ ಎರಡೂ ಕೈಯಿಂದ ಹಿಡಿದು ದಿಕ್ಕಿಗೆ ತಿರುಗಿಸಿದ. ಆಮೇಲೆ ಬಟ್ಟೆ ಸವರಿದಂತೆ ಸವರಿದ.

"ಭೂಮಿ ಚೆಂಡಿನಂಗ ಗುಂಡಗ ಐತಿ ಅಂತಾಳ ಈಕಿ. ಗುಂಡಂದು ಬಿಚ್ಚಿ ಹಿಂಗ ಚಪ್ಪಟ ಹಾಸಿದ್ರ ಅಳತಿ ಎಲ್ಲೋ ತಪ್ಪಬೇಕಲ್ರಿ. ಗುಂಡಗಿದ್ದ ಹೆಗಲಿಗೆ ಚಪ್ಪಟ ಬಟ್ಟಿ ನಾ ಸುಮ್ಮ ಕತ್ತರಸ್ತೇನೇನು?"

"ತಪ್ಪತೈತಿ" ಎಂದು ಮಾಸ್ತರರು ಒಪ್ಪಿಕೊಂಡರು.

ಅಪ್ಪ ಕೊರಳಿನ ಟೇಪು ತೆಗೆದ. ನಮ್ಮೂರು ಆ ನಕ್ಷೆಯಲ್ಲಿ ಇರಲೇ ಇಲ್ಲ. ಇರಬೇಕಾದ ಜಾಗದಲ್ಲಿ ನಾನು ಬೆರಳಿಟ್ಟೆ. ಅಲ್ಲಿಂದ ವಿಜಾಪುರದ ಚುಕ್ಕೆಗೆ ಟೇಪು ಹಿಡಿದ. ಟೇಪಿನ ಒಂದು ಇಂಚೂ ತುಂಬಲಿಲ್ಲ. ಮತ್ತೊಮ್ಮೆ ಹಿಡಿದ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಇದು ಸುಳ್ಳ ಐತಿ ಅಂತ ನನಗ ಗೊತ್ತೈತಿ" ಎಂದ ಅಪ್ಪ, ಟೇಪು ಸುತ್ತುತ್ತಾ. "ಆದ್ರೂ ಹೋಗವ್ವಾ."

ಒಂದು ಕಡೆ ಕೂರದ ನಾನು ಆ ನಕ್ಷೆಯ ಬದಿಗೆ ಕೂತುಬಿಟ್ಟೆ. ಅವ್ವ ಊಟಕ್ಕೆ ಕರೆದರೂ ಏಳಲಾಗಲಿಲ್ಲ.